ಫರಹತ್‌ಳ ನಂಬರು, ರಜಾಕಣ್ಣನ ಟವೆಲು

ತೆರಕಣಾಂಬಿಯ ದನದ ಸಂತೆಯಲ್ಲಿ ರಜಾಕಣ್ಣ ದಲ್ಲಾಳಿಯಾಗಿದ್ದಾಗ ಅವನ ಹೆಗಲ ಮೇಲೆ ಯಾವಾಗಲೂ ಒಂದು ಹಸಿರು ಟವೆಲು ಇರುತ್ತಿತ್ತು. ಬೆವರು ಒರೆಸಿಕೊಳ್ಳಲು ಬೇರೆಯದಿತ್ತು, ಹಸಿರಿನದು ವ್ಯಾಪಾರಕ್ಕೆ. ಕೊಳ್ಳುವವನ ಕೈಮೇಲೆ ಅದನ್ನು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು. ಬಾಯಲ್ಲಿ ಮಾತ್ರ ಮಳೆಯ ಮಾತು, ನೆಂಟರ ಮಾತು. ನಮ್ಮ ಮನೆಯವರು ಕೊನೆಯ ಜೊತೆ ಎತ್ತು ಮಾರಿದ್ದೂ ಅವನ ಮೂಲಕವೇ. ಅದರಲ್ಲಿ ಎಡಗಡೆಯದು ಬಾಳೆಹಣ್ಣಿನ ಸಿಪ್ಪೆಯ ಆಸೆಗೆ ಅಡುಗೆಮನೆಯ ಬಾಗಿಲವರೆಗೂ ಬರುತ್ತಿತ್ತು. ಅದು ಹೋದ ದಿನ ನನಗೆ ಅನ್ನ ಇಳಿಯಲಿಲ್ಲ. ಇರಲಿ, ನಾನು ಹೇಳಹೊರಟದ್ದು ಎತ್ತಿನ ಕತೆಯಲ್ಲ, ರಜಾಕಣ್ಣನ ಮಗಳು ಫರಹತ್‌ಳ ಕತೆ.

ಟ್ರ್ಯಾಕ್ಟರುಗಳು ಬಂದು ಎತ್ತಿನ ವ್ಯಾಪಾರ ಇಳಿದ ಮೇಲೆ ರಜಾಕಣ್ಣ ಗುಂಡ್ಲುಪೇಟೆಯಲ್ಲಿ ಸೈಟು ತೋರಿಸತೊಡಗಿದ. ಟವೆಲು ಹಾಗೇ ಹೆಗಲ ಮೇಲಿತ್ತು. ಆಮೇಲೆ ಕಾನೂನು ಬಂತು. ಲೇಔಟಿನ ಸೈಟು ಮಾರಿಸುವವರು ರೇರಾ ಎಂಬ ಸರ್ಕಾರಿ ಪ್ರಾಧಿಕಾರದಲ್ಲಿ ಏಜೆಂಟ್ ಎಂದು ನೋಂದಾಯಿಸಿ ನಂಬರು ಪಡೆಯಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ತಪ್ಪು ಸಾಬೀತಾದರೆ ನಂಬರು ಹೋಗುತ್ತದೆ. ರಜಾಕಣ್ಣ, "ಈ ವಯಸ್ನಲ್ಲಿ ನಂಗ್ಯಾವ ನಂಬ್ರು ಬುಡು" ಎಂದು ಪಕ್ಕಕ್ಕೆ ಸರಿದ. ನಂಬರು ಪಡೆದವಳು ಬಿ.ಕಾಂ. ಓದಿದ್ದ ಮಗಳು. ವಿಳಾಸದ ದಾಖಲೆ ಸರಿಯಿಲ್ಲವೆಂದು ಅವಳ ಅರ್ಜಿ ಒಮ್ಮೆ ವಾಪಸು ಬಂದಿತ್ತು. ಮತ್ತೆ ಕಳಿಸಿದಳು. ನಂಬರು ಸಿಕ್ಕ ದಿನ ನನಗೊಂದು ಡಬ್ಬಿ ಮೈಸೂರುಪಾಕು ತಂದುಕೊಟ್ಟಳು. ಅದು ತುಪ್ಪದ್ದಲ್ಲ, ಡಾಲ್ಡಾದ್ದು ಎಂದು ನನಗೆ ಅನುಮಾನ. ಬೇಕರಿಯವನ ಮೇಲೆ ಅನುಮಾನ, ಹುಡುಗಿಯ ಮೇಲಲ್ಲ.

ಊರಿಗೆ ಮಾತ್ರ ಹುಡುಗಿಯ ಮೇಲೇ ಅನುಮಾನ. ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣದೊಂದು ಆಫೀಸು ಮಾಡಿ, ನಂಬರು ಬರೆಸಿದ ಬೋರ್ಡು ಹಾಕಿದಳಲ್ಲ, ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ ಇನ್ನೊಬ್ಬ ಬ್ರೋಕರ್ ದೊರೆಸ್ವಾಮಿಯದು ಅಂದಿನಿಂದ ಒಂದೇ ರಾಗ.

"ನಂಬ್ರು ಮಗ್ಳುದು ಕಣ್ಲಾ, ಯಾಪಾರ ಅಪ್ಪುಂದು. ಆ ಮುದುಕ ಒಂದಿನ ಟವೆಲ್ ಆಕ್ಲಿ, ವಿಡಿಯೋ ತಗ್ದು ಬೆಂಗ್ಳೂರ್ಗೆ ಕಳುಸ್ಬುಡ್ತೀನಿ."

ಅವನು ಹೇಳಿದಂತೆ ಆದರೆ ನಂಬರಿಗೆ ಸಂಚಕಾರವೇ. ನಂಬರಿಲ್ಲದವರು ವ್ಯಾಪಾರ ಕುದುರಿಸುವಂತಿಲ್ಲ, ಹೆತ್ತ ಅಪ್ಪನಾದರೂ ಅಷ್ಟೇ. ಫರಹತ್‌ಳ ಐದು ವರ್ಷ ಮುಗಿಯುತ್ತಾ ಬಂದು, ನವೀಕರಣದ ಅರ್ಜಿ ಬೆಂಗಳೂರಿನಲ್ಲಿ ಕೂತಿತ್ತು. ಅವಳು ಅಪ್ಪನಿಗೆ ಹೇಳಿಬಿಟ್ಟಿದ್ದಳು: "ಸೈಟ್ ಹತ್ರ ಬನ್ನಿ ಅಬ್ಬಾ, ಬೇಡ ಅನ್ನಲ್ಲ. ಕೈ ಮಾತ್ರ ಹಿಂದಕ್ಕಿರಲಿ."

ಅದೇ ಸಮಯಕ್ಕೆ ನನ್ನ ಮಗ ರಾಚಯ್ಯ ತನ್ನ ಮಗಳು ಭಾಗ್ಯಳಿಗಾಗಿ ಒಂದು ಸೈಟು ನೋಡುತ್ತಿದ್ದ. ರಾಚಯ್ಯ ಎಂಥವನೆಂದರೆ, ಕಂಡಕ್ಟರ್ ಸರಿಯಾಗಿ ಚಿಲ್ಲರೆ ಕೊಟ್ಟರೂ ಇಳಿಯುವವರೆಗೆ ಅವನ ಮುಖವನ್ನೇ ನೋಡುತ್ತಾನೆ. ತೆಂಗಿನಕಾಯಿ ಕೊಳ್ಳುವಾಗ ಎಲ್ಲವನ್ನೂ ಅಲ್ಲಾಡಿಸಿ, ಕೊನೆಗೆ ಅಂಗಡಿಯವನು ಮನೆಗೆಂದು ಎತ್ತಿಟ್ಟುಕೊಂಡದ್ದನ್ನೇ ಕೇಳುತ್ತಾನೆ. ಅವನ ಅಪ್ಪನೂ ಹೀಗೇ ಇದ್ದರು, ಪಾಪ.

ಫರಹತ್ ಹೇಳಿದ ಚಾಮರಾಜನಗರದ ರಸ್ತೆಯ ಲೇಔಟಿಗೆ ನಾವೆಲ್ಲ ಹೋದೆವು, ರಜಾಕಣ್ಣನೂ ಬಂದಿದ್ದ. ಕಾಗದಪತ್ರವನ್ನು ರಾಚಯ್ಯ ಮೊದಲೇ ವಕೀಲರಿಗೆ ತೋರಿಸಿದ್ದ, ಸರಿಯಿತ್ತು. ಉಳಿದದ್ದು ಬೆಲೆ. ಫರಹತ್ ಎಲ್ಲರ ಮುಂದೆ ಗಟ್ಟಿಯಾಗಿಯೇ ಹೇಳಿದಳು: "ಒಂಬತ್ತು ಲಕ್ಷ ಅಣ್ಣ. ಓನರ್ ಕೊನೇ ಮಾತು ಅದೇ. ನನ್ ಕಮಿಷನ್ ಬೇರೆ, ಅದಕ್ಕೂ ರಸೀತಿ ಕೊಡ್ತೀನಿ."

ಅಲ್ಲೇ ಕೆಟ್ಟಿತು. ರಾಚಯ್ಯ ನನ್ನ ಕಿವಿಯಲ್ಲಿ ಅಂದ: "ಇಷ್ಟ್ ಜನುದ್ ಮುಂದ ಬಾಯ್ಬುಟ್ಟು ಯೋಳ್ತಾಳ ಅಂದ್ರ ಅದು ಊರ್ಗೆ ಯೋಳೋ ರೇಟು ಕಣವ್ವ. ನಿಜವಾದ್ದು ಒಳಗದ." ಆಮೇಲೆ ರಜಾಕಣ್ಣನ ಮುಂದೆ ಕೈ ಚಾಚಿದ. "ಟವೆಲ್ ತಗಿ ರಜಾಕಣ್ಣ. ನಿನ್ ಬೆರಳು ಎಷ್ಟಂತದ ನೋಡನ."

ರಜಾಕಣ್ಣನ ಬಲಗೈ ತಾನಾಗಿಯೇ ಹೆಗಲಿಗೆ ಹೋಯಿತು. ಅಷ್ಟು ವರ್ಷದ ಅಭ್ಯಾಸ, ಪಾಪ, ಕೈಗೆ ಕಾನೂನು ಏನು ಗೊತ್ತು. ರಸ್ತೆಬದಿಯಲ್ಲಿ ಬೈಕಿನ ಮೇಲೆ ಕೂತಿದ್ದ ದೊರೆಸ್ವಾಮಿ ಫೋನು ಎತ್ತಿ ಹಿಡಿದ. ನಮ್ಮ ಹಿಂದೆಯೇ ಬಂದಿದ್ದನೆಂದು ನನಗೆ ಆಗಲೇ ತಿಳಿದದ್ದು.

"ಅಬ್ಬಾ," ಎಂದಳು ಫರಹತ್. ಅಷ್ಟೇ. ರಜಾಕಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನೋಡ್ದಾ ಅವ್ವ, ಏನೋ ಮುಚ್ಚಿಡ್ತಾವ್ರ. ನಡಿ ಓಗನ," ಅಂದ ನನ್ನ ಮಗ.

"ಕೇಳೋದಿದ್ರೆ ನನ್ನ ಕೇಳಿ ಅಣ್ಣ."

"ನೀನು ಎಣ್ಮಗ. ನಿನ್ ಕೈಯ ನಾನು ಎಂಗವ್ವ ಇಡ್ಕೊಳಾದು?"

ಅವಳ ಮುಖ ಸಣ್ಣದಾಯಿತು. ನನಗೂ ಒಳಗೊಳಗೆ ಅನುಮಾನವೇ. ಬಾಯಲ್ಲಿ ಹೇಳಿದ ಬೆಲೆಗೆ ಯಾರಾದರೂ ಏನನ್ನಾದರೂ ಮಾರಿದ್ದನ್ನು ನಾನು ಕಂಡಿಲ್ಲ. ನಾನು ಸೆರಗು ಬಿಡಿಸಿ ಕೈಮೇಲೆ ಹೊದಿಸಿಕೊಂಡೆ. "ಬಾ ಕಣಮ್ಮಿ. ನನ್ ಕೈ ಇಡ್ಕೊ."

ಬೆರಳಿನ ಲೆಕ್ಕ ನನಗೆ ಗೊತ್ತು. ಮುದ್ದೆ ಎಷ್ಟು ಇಡಲಿ ಎಂದರೆ ನಮ್ಮ ಮನೆಯವರು ಬಾಯಿ ಬಿಡದೆ ನನ್ನ ಬೆರಳು ಹಿಡಿದು ಹೇಳುತ್ತಿದ್ದರು. ಫರಹತ್ ಅಪ್ಪನ ಮಡಿಲಲ್ಲೇ ಕಲಿತವಳು. ದೊರೆಸ್ವಾಮಿಯ ಕಡೆ ತಿರುಗಿ, "ಹತ್ರ ಬಂದು ವಿಡಿಯೋ ತಗೊಳ್ಳಿ ಅಣ್ಣ, ನಂಬರು ಇರೋದು ನನ್ ಹೆಸ್ರಲ್ಲೇ," ಎಂದು ಸೆರಗಿನೊಳಗೆ ಕೈ ಇಟ್ಟಳು.

ಅಂಗೈ ಹಿಡಿದಳು, ಆಮೇಲೆ ನಾಲ್ಕು ಬೆರಳು. ಒಂಬತ್ತು. ನಾನು ಒಂದು ಬೆರಳು ಮಡಿಸಿ ಹಿಂದಕ್ಕೆ ತಳ್ಳಿದೆ. ಅವಳು ಅದನ್ನು ಬಿಡಿಸಿ ಮತ್ತೆ ಹಿಡಿದಳು. ಬಾಯಲ್ಲಿ ಮಾತ್ರ, "ಮಂಡಿನೋವು ಹೇಗಿದೆ ಅಜ್ಜಿ?"

"ಚಳಿಗೆ ಜಾಸ್ತಿ ಕಣವ್ವ," ಎನ್ನುತ್ತಾ ಮತ್ತೆ ಮಡಿಸಿದೆ.

"ಎಣ್ಣೆ ಬಿಸಿ ಮಾಡಿ ತಿಕ್ಕಿ," ಎನ್ನುತ್ತಾ ಮತ್ತೆ ಬಿಡಿಸಿದಳು. ಆ ಕೈ ಒಂದಿಷ್ಟೂ ಬೆವೆತಿರಲಿಲ್ಲ.

"ಎಷ್ಟಂತ?" ರಾಚಯ್ಯ ಬಗ್ಗಿ ಕೇಳಿದ.

"ಒಂಬತ್ತು."

"ಒಳಗೂ ಒಂಬತ್ತಾ?"

"ಒಳಗೂ ಒಂಬತ್ತೆ ಕಣ್ಲಾ."

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ಆಮೇಲೆ ಮುಂಗಡ ಕೊಟ್ಟ. ರಜಾಕಣ್ಣ ಬೆನ್ನ ಹಿಂದಿನ ಕೈ ಬಿಚ್ಚಿದ್ದು ಆಗಲೇ.

ದೊರೆಸ್ವಾಮಿ ವಿಡಿಯೋವನ್ನು ಟೀ ಅಂಗಡಿಯಲ್ಲಿ ತೋರಿಸಿದನಂತೆ. ನೋಡಿದವರಿಗೆ ಕಂಡದ್ದು ಮಂಡಿನೋವಿನ ಮುದುಕಿ, ಎಣ್ಣೆ ತಿಕ್ಕಲು ಹೇಳುವ ನಂಬರಿನ ಹುಡುಗಿ, ಕೈಕಟ್ಟಿ ನಿಂತ ರಜಾಕಣ್ಣ. ಅವನು ಅದನ್ನು ಬೆಂಗಳೂರಿಗೆ ಕಳಿಸಿದನೋ ಇಲ್ಲವೋ, ಫರಹತ್‌ಳ ನವೀಕರಣವಂತೂ ಬಂತು. ಬೋರ್ಡಿನಲ್ಲಿ ನಂಬರಿನ ಅವಧಿಯ ತಾರೀಖು ಬದಲಾಯಿತು. ಬೆಳಿಗ್ಗೆ ಆಫೀಸು ತೆರೆದಾಗ ರಜಾಕಣ್ಣ ಈಗ ಹಸಿರು ಟವೆಲಿನಿಂದ ಆ ಬೋರ್ಡಿನ ಧೂಳು ಒರೆಸುತ್ತಾನೆ.

ಭಾಗ್ಯಳ ಮನೆಗೆ ಪಾಯ ತೆಗೆದ ದಿನ ರಾಚಯ್ಯ ನನ್ನನ್ನು ಮರೆಗೆ ಕರೆದ.

"ಅವ್ವ, ನಿಜ ಯೋಳು. ಅವತ್ತು ಆ ಉಡುಗಿ ಒಳಗ ಎಂಟು ಅಂದಿದ್ಲಾ? ಮಿಕ್ಕಿದ್ ಒಂದ್ ಲಕ್ಸದಲ್ಲಿ ನಿಂಗೆಷ್ಟು, ಅವ್ಳಿಗೆಷ್ಟು?"