ಮೂರು ಗಂಟೆಯ ಸ್ವೆಟರ್

ಕಡುನೀಲಿ ಉಣ್ಣೆಯ ಸ್ವೆಟರ್, ಎಡ ಮೊಣಕೈ ಹರಿದಲ್ಲಿ ಹಸಿರು ದಾರದ ಹೊಲಿಗೆ, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿಹೋದ ಅಂಗಾರದ ಗೆರೆ. ಚೆನ್ನೈನ ಮೇ ತಿಂಗಳ ಬಿಸಿಲಿನಲ್ಲಿ, ಕ್ರೋಂಪೇಟೆಯಿಂದ ರೈಲು ಹತ್ತಿ, ಸ್ವೆಟರನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡು ಬಂದ ಆ ಮನುಷ್ಯನನ್ನು ಮೊದಲ ದಿನ ನೋಡಿ, ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಮಧ್ಯಾಹ್ನ ಅವರ ಹಿಂದೆ ಸರ್ವರ್ ಕೋಣೆಗೆ ಹೋಗಿ ಹತ್ತು ನಿಮಿಷಕ್ಕೆ ಹಲ್ಲು ಕಟಕಟಿಸಿದಾಗ ಸ್ವೆಟರಿನ ಮಹತ್ವ ತಿಳಿಯಿತು.

ವೇಲಚೇರಿಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಮ್ಮ ಆಫೀಸು. ನಗರದ ಹಲವು ಆಸ್ಪತ್ರೆಗಳ ರಕ್ತನಿಧಿಗಳ ಡೇಟಾಬೇಸ್ ಅಲ್ಲಿತ್ತು. ಯಾರ ರಕ್ತ ಯಾರಿಗೆ ಒಗ್ಗುತ್ತದೆ, ಯಾರಿಗೆ ಯಾವುದು ಕೊಡಲೇಬಾರದು ಎಂಬುದೆಲ್ಲ ಅದರಲ್ಲೇ. ಅದನ್ನು ಕಾಯುತ್ತಿದ್ದವರು ಅವರು. ಎಲ್ಲರೂ ಸಾರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾಲ್ಕು ತಲೆಮಾರಿನ ಹಿಂದೆ ಮದ್ರಾಸಿಗೆ ಬಂದ ಮನೆತನ. ಅವರ ಕನ್ನಡ ನನ್ನ ಮೈಸೂರು ಕನ್ನಡಕ್ಕೆ ದೂರದ ದಾಯಾದಿ. ಅದರಲ್ಲಿ ‘ಆಮೇಲೆ’ ಎಂಬುದೇ ಇರಲಿಲ್ಲ, ಎಲ್ಲವೂ ‘ಅಪ್ಪುರಂ’. ನಾನು ಅಣಕಿಸಿದರೆ, “ಶರಿ ಶರಿ, ನೀನೊಬ್ಬಳೇ ಪಂಡಿತೆ” ಎಂದು ನಗುತ್ತಿದ್ದರು.

ದಿನಾ ಮೊಸರನ್ನ ಉಂಡು, ಸರಿಯಾಗಿ ಮೂರು ಗಂಟೆಗೆ ಸ್ವೆಟರ್ ತೊಟ್ಟು ಒಳಗೆ ಹೋಗುತ್ತಿದ್ದರು. ಡಿಸ್ಕ್ ತುಂಬುತ್ತಾ ಬಂದಿದ್ದರೆ ಹಳೆಯ ಕಡತಗಳನ್ನು ಬೇರೆ ಕಡೆ ಸಾಗಿಸುವರು. ಎಲ್ಲೋ ಒಂದು ಆಸ್ಪತ್ರೆಯಲ್ಲಿ ಯಾರೋ ಕಂಪ್ಯೂಟರಿನಲ್ಲಿ ದಾಖಲೆ ತೆರೆದಿಟ್ಟು ಊಟಕ್ಕೆ ಹೋಗಿ ಉಳಿದವರ ದಾರಿ ಕಟ್ಟಿದ್ದರೆ, ಫೋನು ಮಾಡಿ ಮರ್ಯಾದೆಯಿಂದ ಮುಚ್ಚಿಸುವರು. ಇದನ್ನೆಲ್ಲ ಯಾರಿಗೂ ವರದಿ ಮಾಡುತ್ತಿರಲಿಲ್ಲ.

“ಬಿದ್ದ ಮೇಲೆ ಎತ್ತಿದ್ರೆ ಎಲ್ಲಾರೂ ಕೈ ತಟ್ತಾರೆ. ಬೀಳದ ಹಾಗೆ ನೋಡ್ಕೊಂಡ್ರೆ ಇವನಿಗೇನು ಕೆಲಸ ಅಂತಾರೆ. ಇದೇ ನಮ್ಮ ತಲೆವಿಧಿ ಅಮ್ಮಾ” ಎನ್ನುತ್ತಿದ್ದರು.

ನನ್ನನ್ನು ಕರೆತಂದಿದ್ದೇ ಅವರ ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು. ಡಿಸ್ಕ್ ಎಷ್ಟು ತುಂಬಿತ್ತು, ಎಷ್ಟು ಮಂದಿ ಕಾಯುತ್ತಿದ್ದರು ಎಂಬ ಮೂರು ವರ್ಷದ ಅಂಕಿಗಳನ್ನು ಮೆಷಿನ್ ಲರ್ನಿಂಗ್ ಮಾಡೆಲ್‌ಗೆ ಓದಿಸಬೇಕು. ಡೇಟಾಬೇಸ್ ಬೀಳುವ ಮುಂಚೆಯೇ ಅದು ಕೆಂಪು ತೋರಿಸಬೇಕು. ಯಾವ ಅಂಕಿಗೆ ಏನರ್ಥ ಎಂದು ಪಕ್ಕದಲ್ಲಿ ಕೂತು ಹೇಳಿಕೊಟ್ಟವರು ಅವರೇ. ಒಂದು ದಿನ ಕೇಳಿದರು:

“ಇದು ಬಿದ್ದದ್ದನ್ನ ನೋಡಿ ತಾನೆ ಕಲಿಯೋದು? ನಾನು ಬೀಳೋಕ್ಕೇ ಬಿಟ್ಟಿಲ್ವೇ! ಅಪ್ಪುರಂ ಏನನ್ನ ನೋಡಿ ಕಲಿಯತ್ತೆ?”

“ಕರೆಂಟು, ನೆಟ್‌ವರ್ಕು ಅಂತ ನಾಲ್ಕೈದು ಸಲ ಬಿದ್ದಿದೆಯಲ್ಲ ಸಾರ್, ಅಷ್ಟು ಸಾಕು” ಎಂದೆ.

ಸಾಕಾಗಿರಲಿಲ್ಲ. ಡಿಸ್ಕ್ ತುಂಬಿದ ಪ್ರತಿ ಸಲವೂ ಮೂರು ಗಂಟೆಗೆ ಅವರು ಹೋಗಿ ಕೈಯಾಡಿಸಿದ್ದರು, ಏನೂ ಆಗಿರಲಿಲ್ಲ. ಆ ಕೈ ನನ್ನ ಅಂಕಿಗಳಲ್ಲಿ ಎಲ್ಲೂ ಇರಲಿಲ್ಲ. ಡಿಸ್ಕ್ ತುಂಬಿದರೆ ಏನೂ ಆಗುವುದಿಲ್ಲ ಎಂದು ಯಂತ್ರ ಕಲಿಯಿತು. ಕಲಿಸಿದವಳು ನಾನು.

ಎರಡು ತಿಂಗಳು ಪರದೆ ಹಸಿರಾಗಿಯೇ ಇತ್ತು. ನಮ್ಮ ಮ್ಯಾನೇಜರಿಗೆ ಹಿತ್ತಲ ಗಿಡ ಎಂದೂ ಮದ್ದಾಗಿರಲಿಲ್ಲ. ಇನ್ನು ಸಾರ್ ಬರಬೇಕಾಗಿಲ್ಲ ಎಂದುಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಹೋಗುವ ದಿನ ಕೊರಳಿನ ಗುರುತಿನ ಚೀಟಿ ಬಿಚ್ಚಿಕೊಟ್ಟು ನನ್ನ ಮೇಜಿನ ಹತ್ತಿರ ಬಂದರು.

“ಮೂರು ಗಂಟೆಗೆ ಒಂದು ಸಲ ಒಳಗೆ ಹೋಗಿ ನೋಡಮ್ಮ. ಕೀಲ್ಪಾಕ್‌ನಲ್ಲಿ ನನ್ನ ಮಗಳು ಇರ್ತಾಳೆ.”

ನನಗದು ಗೊತ್ತಿತ್ತು. ತಾಯಿಯಿಲ್ಲದ ಮಗಳು, ಮೂವತ್ತರ ಹತ್ತಿರದವಳು, ಹುಟ್ಟಿನಿಂದ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಕೀಲ್ಪಾಕ್‌ನ ಆಸ್ಪತ್ರೆಯಲ್ಲಿ ರಕ್ತ ಹಾಕಿಸಬೇಕು. ವರ್ಷಗಟ್ಟಲೆ ಪರರ ರಕ್ತ ಪಡೆದ ಮೈ. ಗುಂಪು ಒಂದೇ ಆದರೂ ಎಲ್ಲವೂ ಒಗ್ಗದು. ಅವಳಿಗೆ ಯಾವ ರಕ್ತ ಆಗದು ಎಂಬ ಪೂರ್ತಿ ವಿವರ ನಮ್ಮ ಡೇಟಾಬೇಸಿನಲ್ಲಿತ್ತು. ಆಯ್ತು ಸಾರ್ ಎಂದೆ. ಒಂದು ವಾರ ಹೋದೆ. ಆಮೇಲೆ, ಪರದೆ ಹಸಿರಾಗಿದೆಯಲ್ಲ ಎಂದು ಬಿಟ್ಟೆ.

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲ ಆಸ್ಪತ್ರೆಗಳೂ ಒಟ್ಟಿಗೆ ಫೋನು ಮಾಡಿದವು. ಡೇಟಾಬೇಸ್ ನಿಂತುಹೋಗಿತ್ತು. ನನ್ನ ಮಾಡೆಲ್ ಆಗಲೂ ಹಸಿರು ತೋರಿಸುತ್ತಿತ್ತು. ಆಗ ಕೀಲ್ಪಾಕ್ ಆಸ್ಪತ್ರೆಯಿಂದ ಸಾರ್ ಫೋನು ಮಾಡಿದರು.

“ಕೌಂಟರ್ನಲ್ಲಿ ಸಿಸ್ಟಂ ಇಲ್ಲ ಅಂತಾರೆ. ಇವಳನ್ನ ಮಲಗಿಸಿಯಾಯ್ತು. ಮೂರು ಗಂಟೆಗೆ ಒಳಗೆ ಹೋಗ್ತಿದ್ದಿಯಾ?”

“ಇಲ್ಲ ಸಾರ್.”

“ಶರಿ. ಏನನ್ನೂ ಮುಟ್ಟಬೇಡ. ಬರ್ತೀನಿ.”

ಮಗಳನ್ನು ನರ್ಸಿಗೆ ಒಪ್ಪಿಸಿ ಬಂದರು. ಚೀಟಿ ಇಲ್ಲವೆಂದು ಕೆಳಗೆ ಕಾವಲಿನವನು ತಡೆದ. ಹನ್ನೊಂದು ವರ್ಷ ದಿನಾ ವಣಕ್ಕಂ ಹೇಳಿದ್ದವನೇ. ನಾನು ಓಡಿಹೋಗಿ ಕರೆತಂದೆ. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲು ಹತ್ತಿಸಿದೆ. ಎರಡನೇ ಮಹಡಿಯಲ್ಲಿ ಅವರು ಗೋಡೆ ಹಿಡಿದು ನಿಂತರು. ಕಾಲು ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ನೋಡಿದೆ. ನೋಡಿಯೂ “ಬೇಗ ಬನ್ನಿ ಸಾರ್” ಎಂದೆ.

ಸ್ವೆಟರ್ ಮನೆಯಲ್ಲಿತ್ತು. ನನ್ನ ದುಪಟ್ಟಾ ಹೊದ್ದು ಆ ಚಳಿಯಲ್ಲಿ ಕೂತರು. ಉಸಿರುಗಟ್ಟಿದ್ದ ಡಿಸ್ಕಿನಿಂದ ಕಡತಗಳನ್ನು ಕ್ರಮ ತಪ್ಪದಂತೆ ಒಂದೊಂದಾಗಿ ಸಾಗಿಸಬೇಕು. ನಾನು ಕಡತದ ನಂಬರ್ ಓದಬೇಕು, ಅವರು ಒತ್ತಬೇಕು. ನನಗೆ ಅಳು ಬಂದು ಅಕ್ಷರ ಕಾಣಲಿಲ್ಲ.

“ಅಳೋದು ಅಪ್ಪುರಂ. ಈಗ ನಂಬರ್ ಓದು.”

ಊಟದ ಹೊತ್ತು ಮೀರಿತು. ನಡುವೆ ಆಸ್ಪತ್ರೆಯಿಂದ ಮಗಳು ಎರಡು ಸಲ ಫೋನು ಮಾಡಿದಳು, ಕತ್ತರಿಸಿದರು. ಮೂರು ಗಂಟೆ ದಾಟಿದ ಮೇಲೆ ಡೇಟಾಬೇಸ್ ಎದ್ದಿತು. ಮಗಳ ರೋಗಿ ನಂಬರ್ ನನಗೆ ಬಾಯಿಪಾಠ. ಹೇಳಲು ಹೋದರೆ ಅವರು ಕೈಯೆತ್ತಿ ತಡೆದರು.

“ಅವಳ ಮುಂದೆ ಆರು ಜನ ಮಲಗಿದಾರೆ. ಬರೋವಾಗ ನೋಡ್ಬಿಟ್ಟೇ ಬಂದೆ. ಮೊದಲು ಅವರದ್ದು ಇದೆಯಾ ನೋಡೋಣ.”

ಆಸ್ಪತ್ರೆಯಿಂದ ಆರು ನಂಬರ್ ಕೇಳಿ ಬರೆದುಕೊಂಡು, ಒಂದೊಂದನ್ನೂ ತೆರೆದು ಪೂರ್ತಿ ಓದಿದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಏಳನೆಯದು ಮಗಳದ್ದು. ಎಲ್ಲವೂ ಇತ್ತು. ಸಂಜೆ ಅವಳಿಗೆ ರಕ್ತ ಹಾಕಿದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವಂತೆ ಮ್ಯಾನೇಜರು ಅವರನ್ನು ಮತ್ತೆ ಕರೆದರು. ಬಂದು, ಸರ್ವರಿನಲ್ಲಿ ಉಳಿದಿದ್ದ ತಮ್ಮ ಹಳೆಯ ಕಮಾಂಡುಗಳನ್ನು ತೆಗೆದು, ಯಾವ ದಿನ ಯಾಕೆ ಕೈ ಹಾಕಿದೆ ಎಂದು ಹೇಳುತ್ತಾ ಹೋದರು. ಪ್ರತಿಯೊಂದರ ಎದುರಿಗೂ ‘ಬೀಳುವುದಿತ್ತು, ತಡೆದರು’ ಎಂದು ನಾನು ಸೇರಿಸಿದೆ. ಮಾಡೆಲ್ ಕೆಂಪು ತೋರಿಸಲು ಕಲಿಯಿತು. ಮೆಟ್ಟಿಲ ಮಾತು ನಾನು ಎತ್ತಲಿಲ್ಲ. ಕಾಲು ಹೇಗಿದೆ ಸಾರ್ ಎಂದು ಒಮ್ಮೆ ಕೇಳಿದ್ದಕ್ಕೆ “ಪರವಾಯಿಲ್ಲೆ” ಎಂದರು. ನಾನೂ ನಂಬಿದೆ, ನಂಬುವುದು ಸುಲಭವಾಗಿತ್ತು. ಆ ಕಮಾಂಡುಗಳ ಕೊನೆಯ ಪಟ್ಟಿ ಮುಗಿಯುವ ಮುನ್ನ ಕ್ರೋಂಪೇಟೆಯ ಮನೆಯಲ್ಲಿ, ಸ್ನಾನ ಮುಗಿಸಿ ಬಂದು ಕೂತವರು ಏಳಲಿಲ್ಲ. ಹೃದಯ ಬಹಳ ದಿನದಿಂದ ಸೋಲುತ್ತಿತ್ತಂತೆ. ಬೀಳುವ ಮುನ್ನ ಹೇಳುವುದೇ ನನ್ನ ವಿದ್ಯೆ. ಬೆಂಕಿ ಬೀಳಲಿ ಆ ವಿದ್ಯೆಗೆ.

ಹತ್ತು ದಿನ ಕಳೆದ ಮೇಲೆ ಮಗಳು ಸ್ವೆಟರ್ ತಂದುಕೊಟ್ಟಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ತಮಿಳು. “ಅಪ್ಪಾ ಉಂಗಳುಕ್ಕು ಕುಡುಕ್ಕ ಚೊನ್ನಾರು” ಎಂದಳು. ನಿಮಗೆ ಕೊಡಲು ಅಪ್ಪ ಹೇಳಿದ್ದರು ಎಂದು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಮೂರು ವಾರಕ್ಕೊಮ್ಮೆ ಅವಳ ಸರದಿ ಬರುತ್ತದೆ. ಆ ಬೆಳಿಗ್ಗೆ ಪರದೆ ಯಾವ ಬಣ್ಣದಲ್ಲೇ ಇರಲಿ, ಸ್ವೆಟರ್ ತೊಟ್ಟು ಒಳಗೆ ಹೋಗುತ್ತೇನೆ. ತೋಳು ನನಗೆ ಉದ್ದ, ಮಡಚಿಕೊಳ್ಳುತ್ತೇನೆ. ಆಸ್ಪತ್ರೆಗೆ ಫೋನು ಮಾಡಿ, ಅವಳ ಮುಂದೆ ಎಷ್ಟು ಜನ ಇದ್ದಾರೆ ಎಂದು ಕೇಳಿ, ಮೊದಲು ಅವರ ನಂಬರ್ ತೆರೆಯುತ್ತೇನೆ.