ಗೋಡೆಯ ಕಾಗದದಲ್ಲಿ ಇದ್ದದ್ದು

ಕೊರಗಪ್ಪಣ್ಣ, ನಿಮ್ಮ ಕಾಲು ಹೋದದ್ದು ಬರೀ ಸಕ್ಕರೆ ಕಾಯಿಲೆಯಿಂದಲ್ಲ—ನನ್ನಿಂದ. ಗಲ್ಫಿನಲ್ಲಿ ಗಡಿಪಾರಿಗೆ ಕಾಯುವವರನ್ನು ಕೂಡಿಹಾಕಿದ್ದ ಆ ಕೋಣೆಯ ಗೋಡೆಗೆ ಒಂದು ಅರಬಿ ಕಾಗದ ಅಂಟಿಸಿದ್ದರಲ್ಲ, ಅದನ್ನು ನಾನು ನಿಮಗೆ ಸುಳ್ಳು ಓದಿ ಹೇಳಿದೆ. ಬೇಕೆಂದೇ ಹೇಳಿದೆ.

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ನಾವಿಬ್ಬರೂ ವೀಸಾ ಮುಗಿದು ಒಂದೇ ಕಟ್ಟಡದಲ್ಲಿ ಅಡಗಿದ್ದವರು. ಇನ್ನು ಹದಿನೈದು ದಿನ ಕಳೆದಿದ್ದರೆ ನನ್ನ ಹೊಸ ವೀಸಾ ಕಾಗದ ಕೈಗೆ ಬರುತ್ತಿತ್ತು. ಪೊಲೀಸರು ಅಂಗಳದಲ್ಲಿ ನಿಮ್ಮನ್ನು ಹಿಡಿದು, ಇನ್ನು ಯಾರಿದ್ದಾರೆ ಎಂದು ಕೇಳಿದಾಗ ನಾನು ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದಿದ್ದೆ. ನೀವು ಬೆರಳು ಮೇಲಕ್ಕೆ ತೋರಿಸಿದಿರಿ. ಕಣ್ಣಾರೆ ಕಂಡೆ. ಬೆರಳಚ್ಚು ಕೊಟ್ಟು ಹೊರಬಿದ್ದವನಿಗೆ ಆ ದೇಶದ ಬಾಗಿಲು ಮತ್ತೆ ತೆರೆಯುವುದಿಲ್ಲ—ಊರಲ್ಲಿ, ಶಿರಿಯದಲ್ಲಿ, ಲಿಂಟಲ್‌ವರೆಗೆ ಎದ್ದಿದ್ದ ನನ್ನ ಮನೆ ಅಲ್ಲಿಗೇ ನಿಂತುಹೋಯಿತು.

ಆ ಕೋಣೆಯಲ್ಲಿ ತುಳು ಬರುವವರು ನಾವಿಬ್ಬರೇ. ನಿಮಗೆ ಬೇರೆ ಭಾಷೆ ಅಷ್ಟಕ್ಕಷ್ಟೆ. ನನಗೆ ಮದ್ರಸದಲ್ಲಿ ಕಲಿತ ಅಕ್ಷರವೂ ಅಂಗಡಿಯಲ್ಲಿ ಕಲಿತ ಅರಬಿ ಮಾತೂ ಇತ್ತು. ನಿಮ್ಮ ಹಿಮ್ಮಡಿಯ ಗಾಯ ಕೀವು ಕಟ್ಟಿದಾಗ ಗೋಡೆ ತೋರಿಸಿ ಕೇಳಿದಿರಿ: "ಅದರಲ್ಲಿ ಎಂತ ಉಂಟು, ಅದ್ರಾಮ?"

ಅಸೌಖ್ಯ ಇದ್ದವರು ಬೆಳಿಗ್ಗೆ ಕಾವಲುಗಾರನಿಗೆ ತಿಳಿಸಬೇಕು, ಅದೇ ದಿನ ಡಾಕ್ಟರಿಗೆ ತೋರಿಸಲಾಗುವುದು ಎಂದಿತ್ತು. ನಾನು ಹೇಳಿದೆ: "ಅಸೌಖ್ಯ ಇದ್ದವರನ್ನು ವಿಮಾನ ಹತ್ತಿಸುವುದಿಲ್ಲ ಅಂತ ಉಂಟು. ಸುಮ್ಮನೆ ಕೂತುಕೊಳ್ಳಿ."

ನೀವು ಲುಂಗಿಯ ತುಂಡು ಹರಿದು ಗಾಯ ಮುಚ್ಚಿದಿರಿ. ದಿನಾ ಬೆಳಿಗ್ಗೆ ಕಾವಲುಗಾರ ಬಾಗಿಲಲ್ಲಿ ನಿಂತು ವಿಚಾರಿಸುವಾಗ ಹಲ್ಲು ಕಚ್ಚಿ ನೆಟ್ಟಗೆ ನಿಲ್ಲುತ್ತಿದ್ದಿರಿ. ಅನುಭವಿಸಲಿ, ಎಂದು ನಾನು ನೋಡುತ್ತಿದ್ದೆ—ಸುಳ್ಳೇಕೆ, ಖುಷಿಯಾಗುತ್ತಿತ್ತು. ವಾರ ಕಳೆದ ಮೇಲೆ ವಾಸನೆ ತಡೆಯಲಾರದೆ ಕಾವಲುಗಾರನೇ ಬಟ್ಟೆ ಬಿಚ್ಚಿಸಿದ. ಆಸ್ಪತ್ರೆಯಿಂದ ನೀವು ಬರುವಾಗ ಎಡ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಅಷ್ಟಾಗುತ್ತದೆಂದು ತಿಳಿದಿರಲಿಲ್ಲ ಎನ್ನಬಹುದು. ಆದರೆ ನಿಮಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು.

ಇಷ್ಟು ವರ್ಷವೂ ನಾನು ಪುತ್ತಿಗೆಯ ನಿಮ್ಮ ಮನೆಗೆ ಬಂದಾಗಲೆಲ್ಲ ನೀವು ನಾನು ಅಕ್ಕ ಎನ್ನುವ ನಿಮ್ಮ ಹೆಂಡತಿಯನ್ನು ಕರೆದು ಹೇಳುತ್ತೀರಿ: "ಇವನಿಗೆ ಚಾ ಮಾಡು. ಅಲ್ಲಿ ನನಗೆ ಕಿವಿ, ಬಾಯಿ ಎಲ್ಲ ಇವನೇ. ಇವ ಇಲ್ಲದಿದ್ದರೆ ನಾನು ಊರು ಕಾಣುತ್ತಿರಲಿಲ್ಲ." ಬೆರಳು ತೋರಿಸಿದ್ದರ ಬಗ್ಗೆ ಮಾತ್ರ ಒಂದು ಮಾತಿಲ್ಲ. ಆಗ ನನಗೆ ಪುನಃ ಸಿಟ್ಟು ನೆತ್ತಿಗೇರುತ್ತದೆ—ಮತ್ತೆ ನಿಮ್ಮ ಪಕ್ಕದ ಊರುಗೋಲು ಕಣ್ಣಿಗೆ ಬೀಳುತ್ತದೆ. ಚಾ ಕುಡಿದು ಎದ್ದು ಬರುತ್ತೇನೆ.

ಈ ಶುಕ್ರವಾರ ಜುಮಾ ನಮಾಜು ಕಳೆದು ಬರುತ್ತೇನೆ. ಈಗ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನೆಲ್ಲ ಅಕ್ಕನ ಎದುರಿನಲ್ಲೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಬಾಯಿ ನನಗಿಲ್ಲ—ನಿಮ್ಮ ಆ ಬೆರಳನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಹೋದ ಕಾಲಿಗಾಗಿ ಯಾರನ್ನು ಶಪಿಸಬೇಕೆಂದು ನಿಮಗೆ ಗೊತ್ತಿರಬೇಕು.