ಕೆಡವಿದವನೇ ತಿಕ್ಕಬೇಕು

ನಮ್ಮ ಗರಡಿಯ ಉಸ್ತಾದರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿ, ತುದಿ ಚಮಚದಂತೆ ಚಪ್ಪಟೆಯಾಗಿತ್ತು. ಎಳ್ಳೆಣ್ಣೆಯಲ್ಲಿ ಅದ್ದಿದ ಆ ಬೆರಳು ಮೀನಖಂಡದ ಮೇಲೆ ಇಳಿದರೆ ಸಾಕು, ಒಳಗೆಲ್ಲೋ ಅಡಗಿದ್ದ ಗಂಟು ಸಿಕ್ಕಿಬೀಳುತ್ತಿತ್ತು. ಜೀವ ಹೋದಂತೆ ಕೂಗುತ್ತಿದ್ದೆವು. "ಅಳ್ರಲೇ, ಅಳ್ರಿ. ನಿಮಗ ಹೆಣ್ಣು ಕೊಡೋರು ಯಾರೂ ಇಲ್ಲಿ ಕುಂತಿಲ್ಲ" ಎನ್ನುವರು.

ಕುರುಗೋಡಿನಲ್ಲಿ ಶಾಲೆ ಬಿಟ್ಟು, ಹಮಾಲಿ ಮಾಡಲು ಬಳ್ಳಾರಿಗೆ ಬಂದವನು ನಾನು. ಹಗಲೆಲ್ಲ ಚೀಲ ಹೊತ್ತು, ಸಂಜೆ ಕೌಲ್ ಬಜಾರಿನ ಅವರ ಗರಡಿ ಮನೆಗೆ ಹೋಗುತ್ತಿದ್ದೆ. ಚೀಲಕ್ಕೆ ಬಿಟ್ಟರೆ ಬೇರೆ ಯಾರ ಮುಂದೆಯೂ ಬೆನ್ನು ಬಾಗಿಸಿದವನಲ್ಲ.

ಬೇರೆ ಗರಡಿಗಳಲ್ಲಿ ಕಾಣದ ಪದ್ಧತಿಯೊಂದು ಅಲ್ಲಿತ್ತು. ಕುಸ್ತಿ ಮುಗಿದ ಮೇಲೆ ಸೋತವನ ಮೈಯನ್ನು ಗೆದ್ದವನೇ ತಿಕ್ಕಬೇಕು. "ಎಲ್ಲಿ ಪೆಟ್ಟು ಬಿದ್ದೈತಿ ಅಂತ ಹಾಕಿದವಗ ಗೊತ್ತಿರ್ತೈತಿ" ಎಂದು ಅದಕ್ಕೆ ಅವರ ವಿವರಣೆ.

ಅವರ ಮಗಳು ಓಟಗಾರ್ತಿ. ಮೈದಾನದಲ್ಲಿ ಏನೋ ಕಲಿತು ಬಂದು, ಒಂದು ದಿನ ಬಕೆಟ್ ತುಂಬ ಮಂಜುಗಡ್ಡೆ ತಂದಿಟ್ಟಳು.

"ಅಪ್ಪಾ, ತಾಲೀಮು ಮುಗಿದ ಕೂಡ್ಲೆ ಕಾಲು ಇದರಾಗ ಇಡಬೇಕು."

"ನಾವೇನು ಮೀನೇನವಾ, ಐಸಿನಾಗ ಇಡಾಕ?"

ಆದರೂ ಪರೀಕ್ಷೆ ನಡೆಯಿತು, ನನ್ನ ಮೇಲೆ. ಸಾಕುಸಾಕಾಗುವಷ್ಟು ಬೈಠಕ್ ಹೊಡೆಸಿ, ಒಂದು ಕಾಲಿಗೆ ಐಸು, ಇನ್ನೊಂದಕ್ಕೆ ಎಣ್ಣೆ. ಮರುದಿನ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ನನ್ನ ಬಾಯನ್ನೇ ನೋಡುತ್ತ ನಿಂತರು.

"ಯಾವ ಕಾಲು ಹಗುರ ಐತಿ, ಹೇಳು."

"ಎರಡೂ ನನ್ನ ಕಾಲ ಅಲ್ರಿ ಉಸ್ತಾದ್ರ. ಒಂದನ್ನ ಹೊಗಳಿದ್ರ ಇನ್ನೊಂದು ಮುನಿಸ್ಕೊಂತೈತಿ."

ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕರು. ಅಂದಿನಿಂದ ಬಾವು ಬಂದರೆ ಐಸು, ಬಿಗಿದುಕೊಂಡರೆ ಎಣ್ಣೆ ಎಂದು ಅಪ್ಪ ಮಗಳಿಗೆ ರಾಜಿಯಾಯಿತು. ಏನೇ ಹಚ್ಚಿದರೂ ನಿದ್ದೆಗೆಟ್ಟವನ ಮೈ ಸುಧಾರಿಸುವುದಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಮೊದಲಿನಿಂದ ಒಪ್ಪಿದ್ದರು.

ಒಮ್ಮೆ ಸಿರುಗುಪ್ಪದ ಕುಸ್ತಿಯಲ್ಲಿ ಹೊರಗಿನ ಪೈಲ್ವಾನನೊಬ್ಬ ನನ್ನನ್ನು ಚಿತ್ ಮಾಡಿದ. ಉಸ್ತಾದರು ನೆಟ್ಟಗೆ ಅವನ ಬಳಿ ಹೋದರು. "ತಮ್ಮಾ, ನಮ್ಮ ಹುಡುಗನ್ನ ಕೆಡವಿದಿ, ಭೇಷ್. ಬಾ, ಒಂಚೂರು ತಿಕ್ಕಿ ಹೋಗು." ಸುತ್ತಲಿದ್ದವರು ಗೊಳ್ಳೆಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

"ಅವನ ಕೈ ನನ್ನ ಮೈಗೆ ಹತ್ತಬಾರದ್ರಿ!" ಎಂದು ಎದ್ದೆ.

ಭುಜ ಒತ್ತಿ ಮಲಗಿಸಿದರು. "ನೋವು ನಾನೂ ತೆಗಿತೀನಲೇ. ಸಿಟ್ಟು ಅವನೇ ತೆಗೀಬೇಕು."

ಆ ಪೈಲ್ವಾನ ನಾಚುತ್ತಲೇ ತಿಕ್ಕಿದ. ಬೆನ್ನು ಸಡಿಲಾಗುವ ಹೊತ್ತಿಗೆ ಅವನ ಊರು, ಮನೆ, ಎಮ್ಮೆಗಳ ಸುದ್ದಿಯನ್ನೆಲ್ಲ ನಾನೇ ಕೇಳುತ್ತಿದ್ದೆ.

ಹೋದ ವರ್ಷ ಉಸ್ತಾದರಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಆ ಹೆಬ್ಬೆರಳು ಸಮೇತ. ಗರಡಿಯ ಕೆಮ್ಮಣ್ಣಿನ ಮೇಲೆ ಇನ್ನೊಮ್ಮೆ ನಿಲ್ಲಬೇಕು ಎಂಬುದೊಂದೇ ಅವರ ಆಸೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಮಗಳು ಮಾಡಿಸುವಳು. ಚೀಲ ಇಳಿಸಿ ಬಂದು ನಾನು ಎಣ್ಣೆ ಹಚ್ಚುವೆ. ಬೆರಳು ಸ್ವಲ್ಪ ಆಚೀಚೆಯಾದರೂ ಸೊಟ್ಟ ಬಾಯಲ್ಲೇ ಗದರುವರು: "ಅಲ್ಲಲ್ಲ, ಮ್ಯಾಲಕಲೇ!" ಒಂದು ಸಂಜೆ ಗದರಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ತೊದಲಿದರು.

"ಈ ಸರ್ತಿ ಕೆಡವಿದವ ತಿಕ್ಕಾಕ ಬರಂಗಿಲ್ಲಲೇ. ನೀನ ತಿಕ್ಕು."

ತಿಕ್ಕಿದೆ. ನನ್ನ ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಿಕ್ಕಿದೆ. ಅವರು ಏಳಲಿಲ್ಲ.

ಕೊನೆಯ ಸ್ನಾನಕ್ಕೆ ಮಗಳು ನನ್ನನ್ನೇ ಕರೆದಳು. "ಅಣ್ಣಾ, ನೀನ ಬಾ. ಅಪ್ಪಗ ನಿನ್ನ ಕೈ ಗೊತ್ತೈತಿ."

ನೀರು ಹಾಕುತ್ತಿದ್ದಂತೆ ನನ್ನ ಹೆಬ್ಬೆರಳು ತಾನಾಗಿ ಅವರ ಮೀನಖಂಡಕ್ಕೆ ಹೋಯಿತು. ಬೇಕೆಂದೇ ತಪ್ಪು ಜಾಗ ಒತ್ತಿದೆ. ಕಾದೆ. ಇನ್ನೂ ಕೆಳಗೆ, ಇನ್ನೂ ತಪ್ಪಾಗಿ ಒತ್ತಿದೆ.

ಮಗಳು ನನ್ನ ಕೈ ಹಿಡಿದು ಮೆಲ್ಲಗೆ ಬಿಡಿಸಿದಳು.